ನರಕದ ಬಗ್ಗೆ ನೀವು ನಿಜಕ್ಕೂ ಏನು ನಂಬುತ್ತೀರಿ? ಕ್ರೈಸ್ತ ಧರ್ಮಬೋಧಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬಿಷಪ್ಪರೇ, ಪಾದ್ರಿಗಳೇ, ಸಭಾಪಾಲಕರೇ, ದೈವಶಾಸ್ತ್ರ ಕಲಿಸುವ ಅಧ್ಯಾಪಕರೇ,

ನಾನು ದೇವರನ್ನು ನಂಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ದೇವರು ಇದ್ದಾನೆಯೇ ಇಲ್ಲವೇ ಎಂದು ವಾದ ಹೂಡಲು ಈ ಪತ್ರ ಬರೆಯುತ್ತಿಲ್ಲ. ಸೃಷ್ಟಿ ಆರು ದಿನಗಳಲ್ಲಿ ಆಯಿತೇ, ನೀರು ದ್ರಾಕ್ಷಾರಸವಾಯಿತೇ, ಸತ್ತವನು ಮೂರನೆಯ ದಿನ ಎದ್ದು ಬಂದನೇ ಎಂಬ ಪ್ರಶ್ನೆಗಳನ್ನೂ ಬದಿಗಿಡುತ್ತೇನೆ. ಅವುಗಳ ಬಗ್ಗೆ ಎರಡೂ ಕಡೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಪ್ರಶ್ನೆ ಒಂದೇ ಒಂದು ಬೋಧನೆಯ ಕುರಿತದ್ದು. ನಂಬದೆ ಸತ್ತವರಿಗೆ ಕೊನೆಯೇ ಇಲ್ಲದ ಶಿಕ್ಷೆ ಕಾದಿದೆ ಎನ್ನುತ್ತೀರಲ್ಲ, ಅದನ್ನು ನೀವು ನಂಬುತ್ತೀರಾ? ನಂಬುವುದಾದರೆ ಎಲ್ಲರೆದುರು ಸಮರ್ಥಿಸಿಕೊಳ್ಳಿ. ನಂಬುವುದಿಲ್ಲವಾದರೆ, ಭಾನುವಾರದ ಪ್ರಸಂಗದಲ್ಲಿ ನಿಂತು ಹಾಗೆಂದು ಹೇಳಿ.

ಇದೊಂದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕತ್ವದ ಚರ್ಚೆ ದೊಡ್ಡವರ ನಡುವೆ ನಡೆಯುತ್ತದೆ. ಅದು ಅರ್ಥವಾಗದ ಮಗು ನಿದ್ದೆಗೆಡುವುದಿಲ್ಲ. ನರಕ ಹಾಗಲ್ಲ. ಓದು ಬರಹ ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲೇ ಅದು ತಲೆಯೊಳಗೆ ಇಳಿಯುತ್ತದೆ. ನಂಬಿಕೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ, ಅದು ಸುಳ್ಳೆಂದು ಬುದ್ಧಿಗೆ ತಿಳಿದ ಮೇಲೂ, ಆ ಭಯ ಮಾತ್ರ ಹಾಗೆಯೇ ಉಳಿದುಕೊಂಡವರು ಇದ್ದಾರೆ. ಅವರು ವಾದಗಳಿಗೆಲ್ಲ ಉತ್ತರ ಬಲ್ಲವರು. ಆದರೂ ಕಾಯಿಲೆ ಬಿದ್ದ ರಾತ್ರಿ ಆರನೆಯ ವಯಸ್ಸಿನಲ್ಲಿ ಕೇಳಿದ ಬೆಂಕಿಯೇ ನೆನಪಿಗೆ ಬರುತ್ತದೆ.

ಇನ್ನೊಂದು ಕಾರಣ ತರ್ಕದ್ದು. ಲೋಕದಲ್ಲಿ ಇಷ್ಟೊಂದು ಸಂಕಟ ಏಕಿದೆ ಎಂಬುದು ನಾಸ್ತಿಕರ ಹಳೆಯ ಪ್ರಶ್ನೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದಲ್ಲಿ ಭೂಮಿ ನಡುಗಿ, ಪೂಜೆಗೆಂದು ನೆರೆದವರ ಮೇಲೆಯೇ ಚರ್ಚುಗಳು ಕುಸಿದುಬಿದ್ದಾಗ ಯುರೋಪಿನ ಚಿಂತಕರೆಲ್ಲ ಅದನ್ನು ಕೇಳಿದರು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದರು. 1955ರಲ್ಲಿ ತತ್ವಜ್ಞಾನಿ ಜೆ. ಎಲ್. ಮ್ಯಾಕಿ ಅದನ್ನು ತರ್ಕದ ಬಿಗಿಯಲ್ಲಿ ಮತ್ತೆ ಮುಂದಿಟ್ಟರು: ದೇವರು ಸರ್ವಶಕ್ತ, ದೇವರು ಸಂಪೂರ್ಣ ಒಳ್ಳೆಯವನು, ಆದರೂ ಕೇಡು ಇದೆ. ಈ ಮೂರೂ ಮಾತು ಒಟ್ಟಿಗೆ ನಿಲ್ಲುವುದು ಹೇಗೆ? ನಿಮ್ಮ ಕಡೆಯಿಂದ ಗಂಭೀರವಾದ ಉತ್ತರಗಳೇ ಬಂದವು. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳನ್ನು ಸೃಷ್ಟಿಸಿದ ಮೇಲೆ ಅವರು ಕೆಡುಕನ್ನು ಆರಿಸಿಕೊಳ್ಳುವ ಸಾಧ್ಯತೆಯನ್ನು ತಡೆಯಲಾಗದು ಎಂದು ಆಲ್ವಿನ್ ಪ್ಲಾಂಟಿಂಗ ವಾದಿಸಿದರು. ಕಷ್ಟಗಳ ನಡುವೆಯೇ ಆತ್ಮ ಮಾಗುತ್ತದೆ, ಈ ಲೋಕ ಅದಕ್ಕೆಂದೇ ಇರುವ ತಾಣ ಎಂದು ಜಾನ್ ಹಿಕ್ ಹೇಳಿದರು.

ಈ ಉತ್ತರಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅವುಗಳ ಹಿಂದೆ ಸಾಮಾನ್ಯವಾಗಿ ಒಂದು ಭರವಸೆ ಇರುತ್ತದೆ. ಇಂದಿನ ಕಣ್ಣೀರಿಗೆ ಮುಂದೆ ಅರ್ಥ ಸಿಗುತ್ತದೆ, ಕೊನೆಯಲ್ಲಿ ಎಲ್ಲವೂ ಸರಿಹೋಗುತ್ತದೆ ಎಂಬ ಭರವಸೆ. ನಿತ್ಯನರಕ ಎಂದರೆ ಯಾವುದೂ ಎಂದಿಗೂ ಸರಿಹೋಗದ ಸ್ಥಿತಿ. ಅಲ್ಲಿನ ನೋವಿನಿಂದ ಯಾರೂ ಮಾಗುವುದಿಲ್ಲ, ಯಾರೂ ತಿದ್ದಿಕೊಂಡು ಹೊರಬರುವುದಿಲ್ಲ. ಭೂಕಂಪಕ್ಕೂ ಕ್ಯಾನ್ಸರಿಗೂ ನೀವು ಕೊಟ್ಟ ಸಮಾಧಾನವನ್ನು ನಿಮ್ಮದೇ ಸಿದ್ಧಾಂತ ಹೀಗೆ ಕಿತ್ತುಕೊಳ್ಳುತ್ತದೆ. ಹಿಕ್ ಅವರಿಗೆ ಇದು ಸ್ಪಷ್ಟವಾಗಿ ಕಂಡಿತ್ತು. ಹಾಗಾಗಿಯೇ ಕೊನೆಗೆ ಪ್ರತಿಯೊಬ್ಬರೂ ದೇವರನ್ನು ಸೇರಲೇಬೇಕು, ಇಲ್ಲವಾದರೆ ತಮ್ಮ ವಾದ ನಿಲ್ಲುವುದಿಲ್ಲ ಎಂಬ ನಿಲುವಿಗೆ ಅವರು ಬಂದರು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ನಿಮ್ಮಲ್ಲಿ ಬಹುಮಂದಿ ಅವರ ವಾದವನ್ನು ತೆಗೆದುಕೊಂಡು ಅದರ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡುತ್ತೀರಿ.

ಈ ಬೋಧನೆಯನ್ನು ಮಕ್ಕಳ ಮುಂದೆ ಇಟ್ಟದ್ದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 19ನೆಯ ಶತಮಾನದ ಮಧ್ಯದಲ್ಲಿ ಜೋಸೆಫ್ ಫರ್ನಿಸ್ ಎಂಬ ಕ್ಯಾಥೊಲಿಕ್ ಪಾದ್ರಿ ಮಕ್ಕಳಿಗೆಂದೇ ನರಕವನ್ನು ವರ್ಣಿಸುವ ಕಿರುಹೊತ್ತಗೆಯೊಂದನ್ನು ಬರೆದರು. ಧರ್ಮಸಂಸ್ಥೆಯ ಮೇಲಧಿಕಾರಿಗಳ ಅನುಮತಿಯೊಂದಿಗೆ ಅಚ್ಚಾದದ್ದು ಅದು. ಕಥೆ ಹೇಳುವ ಧಾಟಿಯಲ್ಲಿ ಅವರು ನರಕದ ಒಂದೊಂದೇ ಕೋಣೆಯನ್ನು ಮಕ್ಕಳಿಗೆ ತೋರಿಸುತ್ತಾ ಹೋಗುತ್ತಾರೆ. ಒಂದು ಕಡೆ ಕೆಂಪಗೆ ಕಾದ ಒಲೆ, ಒಳಗೊಂದು ಪುಟ್ಟ ಮಗು. ಹೊರಗೆ ಬಿಡಿ ಎಂದು ಅದು ಕಿರುಚುತ್ತದೆ, ಬೆಂಕಿಯಲ್ಲಿ ಹೊರಳಾಡುತ್ತದೆ, ಒಲೆಯ ಮಾಡಿಗೆ ತಲೆ ಚಚ್ಚಿಕೊಳ್ಳುತ್ತದೆ, ಪುಟ್ಟ ಪಾದಗಳನ್ನು ನೆಲಕ್ಕೆ ಅಪ್ಪಳಿಸುತ್ತದೆ. ಇಷ್ಟನ್ನೂ ಬರೆದ ಮೇಲೆ ಫರ್ನಿಸ್ ಕೊಡುವ ವಿವರಣೆ ಇದು: ದೇವರು ಈ ಮಗುವಿನ ಮೇಲೆ ತುಂಬ ದಯೆ ತೋರಿದ್ದಾನೆ; ಅದು ಬದುಕಿ ಬೆಳೆದಿದ್ದರೆ ಇನ್ನಷ್ಟು ಕೆಟ್ಟು ಇನ್ನೂ ಘೋರವಾದ ಶಿಕ್ಷೆಗೆ ಗುರಿಯಾಗುತ್ತಿತ್ತು, ಆದ್ದರಿಂದ ಕರುಣೆಯಿಂದ ಅದನ್ನು ಎಳವೆಯಲ್ಲೇ ಲೋಕದಿಂದ ಕರೆದುಕೊಂಡಿದ್ದಾನೆ.

ಆ ಕೊನೆಯ ಮಾತು ನನ್ನನ್ನು ಆ ಒಲೆಗಿಂತಲೂ ಹೆಚ್ಚಾಗಿ ಕಾಡುತ್ತದೆ. ಫರ್ನಿಸ್ ಕ್ರೂರಿಯಾಗಿದ್ದರು ಎಂದು ನಾನು ಹೇಳಲಾರೆ. ಮಕ್ಕಳಿಗಾಗಿಯೇ ಬದುಕು ಸವೆಸಿದವರು ಅವರು; ಮಕ್ಕಳನ್ನು ನರಕದಿಂದ ಉಳಿಸುತ್ತಿದ್ದೇನೆಂದು ನಂಬಿ ಬರೆದವರು. ಒಬ್ಬ ಸಾಮಾನ್ಯ, ಶ್ರದ್ಧಾವಂತ ಮನುಷ್ಯ ಉರಿಯುವ ಮಗುವನ್ನು ನೋಡಿ ಇದು ಕರುಣೆ ಎಂದು ಹೇಳುವ ಸ್ಥಿತಿಗೆ ತಲುಪಿದ್ದು ಸ್ವಭಾವದಿಂದಲ್ಲ, ಸಿದ್ಧಾಂತದಿಂದ. ದೇವರು ಮಾಡುವುದೆಲ್ಲ ಒಳ್ಳೆಯದೇ ಎಂದೂ, ದೇವರು ನಿತ್ಯಶಿಕ್ಷೆ ಕೊಡುತ್ತಾನೆ ಎಂದೂ ಒಟ್ಟಿಗೆ ಒಪ್ಪಿಕೊಂಡವನು ಬೇರೆ ಎಲ್ಲಿಗೆ ಹೋಗಿ ನಿಲ್ಲಬಲ್ಲ? ಪ್ರಾಟೆಸ್ಟಂಟರ ಕಡೆಯೂ ಇದೇ ಕಥೆ. 1741ರ ಜುಲೈ 8ರಂದು ಅಮೆರಿಕದ ಎನ್‌ಫೀಲ್ಡ್ ಎಂಬಲ್ಲಿ ಜೊನಾಥನ್ ಎಡ್ವರ್ಡ್ಸ್, ದೇವರು ಪಾಪಿಗಳನ್ನು ಜೇಡವೊಂದನ್ನು ಬೆಂಕಿಯ ಮೇಲೆ ಹಿಡಿದಂತೆ ಹಿಡಿದಿದ್ದಾನೆ ಎಂದು ಪ್ರಸಂಗ ಮಾಡಿದಾಗ ಕೇಳುತ್ತಿದ್ದವರ ಅಳು, ಕೂಗು ಎಷ್ಟಾಯಿತೆಂದರೆ ಅವರು ಮಾತು ನಿಲ್ಲಿಸಬೇಕಾಯಿತು. ಎಡ್ವರ್ಡ್ಸ್ ತಮ್ಮ ಕಾಲದ ದೊಡ್ಡ ಚಿಂತಕರಲ್ಲಿ ಒಬ್ಬರು.

ಇನ್ನೂ ಹಿಂದಕ್ಕೆ ಹೋದರೆ ತಂದೆತಾಯಿಗಳ ಪಾಡು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹತ್ತಿರ ಓಬರ್‌ಬ್ಯೂರೆನ್ ಎಂಬ ಊರಿನಲ್ಲಿ ಮೇರಿಯಮ್ಮನ ಒಂದು ಯಾತ್ರಾಸ್ಥಳವಿತ್ತು. ಹುಟ್ಟುವಾಗಲೇ ಸತ್ತ ಶಿಶುಗಳನ್ನು ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದನ್ನು ಕಾನ್‌ಸ್ಟನ್ಸಿನ ಬಿಷಪ್ಪರು 1486ರಲ್ಲಿ ರೋಮಿಗೆ ಬರೆದು ದೂರಿದ್ದಾರೆ. ಶಿಶುವಿನ ಶವವನ್ನು ಕೆಂಡಗಳ ಮತ್ತು ಮೇಣದ ಬತ್ತಿಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದರು, ಬಾಯಿಯ ಮೇಲೆ ಹಗುರವಾದ ಒಂದು ಗರಿ ಇಡುತ್ತಿದ್ದರು. ಕಾವಿಗೋ ಗಾಳಿಗೋ ಆ ಗರಿ ಅಲುಗಿದರೆ ಮಗು ಉಸಿರಾಡಿತು ಎಂದು ಸಾರಿ, ತಡಮಾಡದೆ ದೀಕ್ಷಾಸ್ನಾನ ಮಾಡಿಸಿ ಹೂಳುತ್ತಿದ್ದರು. ಧರ್ಮಸುಧಾರಣೆಯ ಕಾಲದಲ್ಲಿ ಆ ಗುಡಿಯನ್ನು ಕೆಡವಿದರು. 1990ರ ದಶಕದಲ್ಲಿ ಪುರಾತತ್ವಜ್ಞರು ಅಲ್ಲಿ ಅಗೆದಾಗ ಇನ್ನೂರಕ್ಕೂ ಹೆಚ್ಚು ಶಿಶುಗಳ ಎಲುಬುಗಳು ಸಿಕ್ಕವು.

ಆ ತಂದೆತಾಯಿಗಳನ್ನು ಮೂಢರೆಂದು ನಗುವ ನಾಸ್ತಿಕರಿದ್ದರೆ ಅವರಿಗೂ ಒಂದು ಮಾತು: ನಗುವುದಕ್ಕೆ ಇಲ್ಲಿ ಏನೂ ಇಲ್ಲ. ಸತ್ತ ಕೂಸನ್ನು ಹೊತ್ತು ಬೆಟ್ಟ ಹತ್ತಿದವರು ದಡ್ಡತನದಿಂದ ಹತ್ತಲಿಲ್ಲ. ದೀಕ್ಷಾಸ್ನಾನವಿಲ್ಲದೆ ಸತ್ತ ಮಗುವಿಗೆ ಸ್ವರ್ಗವಿಲ್ಲ, ಪವಿತ್ರಗೊಳಿಸಿದ ಮಣ್ಣಿನಲ್ಲಿ ಜಾಗವೂ ಇಲ್ಲ ಎಂದು ಅವರಿಗೆ ಕಲಿಸಲಾಗಿತ್ತು. ಕಲಿತದ್ದನ್ನು ನಂಬಿ, ಆ ನಂಬಿಕೆಯೊಳಗೇ ಒಂದು ಸಣ್ಣ ಬಾಗಿಲನ್ನು ಅವರು ಹುಡುಕಿದರು, ಅಷ್ಟೆ.

ಕಲಿಸಿದವರು ಯಾರು? ಜನ್ಮಪಾಪದ ಸಿದ್ಧಾಂತವನ್ನು ಗಟ್ಟಿಯಾಗಿ ಕಟ್ಟಿದವರು 5ನೆಯ ಶತಮಾನದ ಆರಂಭದಲ್ಲಿ ಹಿಪ್ಪೋದ ಬಿಷಪ್ ಅಗಸ್ಟೀನರು. ಆದಾಮನ ತಪ್ಪಿನ ಹೊರೆ ಹುಟ್ಟುವ ಪ್ರತಿ ಮಗುವಿನ ಮೇಲೂ ಇದೆ, ಅದು ತೊಳೆದುಹೋಗದೆ ಸತ್ತ ಶಿಶುವೂ ದಂಡನೆಗೆ ಒಳಗಾಗುತ್ತದೆ ಎಂದು ಅವರು ಕಲಿಸಿದರು. ಆ ದಂಡನೆ ಅತ್ಯಂತ ಸೌಮ್ಯವಾದದ್ದು ಎಂದು ಸೇರಿಸಿದರು. ಹೀಗಿರಲಾರದು ಎಂದ ಪೆಲಾಜಿಯಸ್ ಎಂಬ ಅದೇ ಕಾಲದ ಕ್ರೈಸ್ತ ಬೋಧಕನ ಬೋಧನೆಯನ್ನು 418ರಲ್ಲಿ ಕಾರ್ಥೇಜಿನ ಸಭೆ ಖಂಡಿಸಿತು. ಶತಮಾನಗಳ ನಂತರ ಮಧ್ಯಯುಗದ ಪಂಡಿತರಿಗೆ ಈ ಕಠೋರತೆಯನ್ನು ಸಹಿಸಲಾಗದೆ ಲಿಂಬೋ ಎಂಬ ಒಂದು ಅಂಚಿನ ಲೋಕವನ್ನು ಕಲ್ಪಿಸಿದರು; ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲದ ಜಾಗ ಅದು. ಕೊನೆಗೆ 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಪೋಪ್ ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ, ಇಂಥ ಶಿಶುಗಳೂ ರಕ್ಷಣೆ ಹೊಂದುತ್ತವೆ ಎಂದು ಆಶಿಸಲು ಬಲವಾದ ಆಧಾರಗಳಿವೆ ಎಂದು ಪ್ರಕಟಿಸಿತು. ಲಿಂಬೋ ಎಂದಿಗೂ ಕಡ್ಡಾಯದ ಸಿದ್ಧಾಂತವಾಗಿರಲಿಲ್ಲ ಎಂದೂ ಹೇಳಿತು. ಕಡ್ಡಾಯವಲ್ಲದ ಆ ಕಲ್ಪನೆಗಾಗಿ ಎಷ್ಟು ತಾಯಂದಿರು ತಮ್ಮ ಕೂಸನ್ನು ಬೇಲಿಯಾಚೆಗೆ ಹೂತರು! ಪ್ರಾಟೆಸ್ಟಂಟರು ಈ ತಿದ್ದುಪಡಿಯನ್ನು ಮೊದಲೇ ಮಾಡಿಕೊಂಡಿದ್ದರು: ದೇವರು ಆರಿಸಿಕೊಂಡ ಶಿಶುಗಳು ರಕ್ಷಣೆ ಹೊಂದುತ್ತವೆ ಎಂದಷ್ಟೇ ಹೇಳುವ 17ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಕಟಣೆಗೆ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ 1903ರಲ್ಲಿ ಒಂದು ವಿವರಣೆ ಸೇರಿಸಿ, ಶೈಶವದಲ್ಲಿ ಸತ್ತವರೆಲ್ಲರೂ ಆರಿಸಲ್ಪಟ್ಟವರೇ ಎಂದಿತು.

ಶಿಶುಗಳ ವಿಷಯದಲ್ಲಿ ಆದದ್ದು ಅನ್ಯಧರ್ಮೀಯರ ವಿಷಯದಲ್ಲಿಯೂ ಆಯಿತು. ಅನ್ಯಧರ್ಮೀಯರು, ಯೆಹೂದ್ಯರು, ಪಾಷಂಡಿಗಳು, ಸಭೆಯಿಂದ ಒಡೆದುಹೋದವರು, ಇವರಲ್ಲಿ ಯಾರೂ ಸಾಯುವ ಮುನ್ನ ಕ್ಯಾಥೊಲಿಕ್ ಸಭೆಯನ್ನು ಸೇರದಿದ್ದರೆ ನಿತ್ಯಾಗ್ನಿಗೇ ಹೋಗುತ್ತಾರೆ ಎಂದು 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಸಾರಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ ಬಾಳುವವರು ರಕ್ಷಣೆ ಪಡೆಯಬಲ್ಲರು ಎಂದಿತು. ಇದು ಬದಲಾವಣೆಯಲ್ಲ, ಅದೇ ಸತ್ಯದ ಆಳವಾದ ಅರಿವು ಎಂದು ನೀವು ಹೇಳುತ್ತೀರಿ. ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದ ಯಾರಿಗೂ ಹಾಗೆ ಅನ್ನಿಸಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ನಿಮ್ಮ ಮಾತನ್ನೇ ಒಪ್ಪಿಕೊಳ್ಳುತ್ತೇನೆ. ಅರಿವು ಆಳವಾಗಬಹುದಾದರೆ ಅದು 1964ರಲ್ಲಿಯೋ 2007ರಲ್ಲಿಯೋ ನಿಂತುಹೋಗಬೇಕೆಂಬ ಕಟ್ಟಳೆ ಎಲ್ಲಿದೆ?

ನಿತ್ಯಶಿಕ್ಷೆಯನ್ನು ಸಮರ್ಥಿಸಲು ನೀವು ಕೊಡುವ ಉತ್ತರಗಳನ್ನು ಗಮನವಿಟ್ಟು ಕೇಳಿದ್ದೇನೆ. ಅತಿ ಹಳೆಯದು ನ್ಯಾಯದ ವಾದ. ದೇವರು ಅನಂತ, ಆದ್ದರಿಂದ ಅವನ ವಿರುದ್ಧ ಮಾಡಿದ ಅಪರಾಧವೂ ಅನಂತ, ಶಿಕ್ಷೆಯೂ ಅನಂತ ಎನ್ನುತ್ತದೆ ಅದು. 11ನೆಯ ಶತಮಾನದ ಕೊನೆಯಲ್ಲಿ ದೈವಶಾಸ್ತ್ರಜ್ಞ ಆನ್ಸೆಲ್ಮರು ಇದೇ ಜಾಡಿನಲ್ಲಿ ಯೋಚಿಸಿದರು. ಒಡೆಯನ ಅಂತಸ್ತು ಹೆಚ್ಚಿದಷ್ಟೂ ಅವನನ್ನು ಅವಮಾನಿಸಿದ ಅಪರಾಧ ಹಿರಿದಾಗುತ್ತದೆ ಎಂಬುದು ಅರಸೊತ್ತಿಗೆಯ ಕಾಲದ ಲೆಕ್ಕ. ಇಂದು ನಾವು ಯಾರೂ ಹಾಗೆ ತೂಗುವುದಿಲ್ಲ. ಮಾಡಿದವನಿಗೆ ಎಷ್ಟು ತಿಳಿವಳಿಕೆ ಇತ್ತು, ಆದ ಹಾನಿ ಎಷ್ಟು ಎಂದು ಕೇಳುತ್ತೇವೆ. ಎಪ್ಪತ್ತು ವರ್ಷ ಬದುಕುವ, ಅರೆಬರೆ ತಿಳಿದ ಜೀವಿಯೊಂದು ಅನಂತವಾದ ಹಾನಿಯನ್ನು ಯಾರಿಗೆ ಮಾಡಬಲ್ಲದು? ಅದೂ ಯಾವ ಹಾನಿಯೂ ತಟ್ಟದ ದೇವರಿಗೆ? ಶಿಕ್ಷೆಗೆ ಒಂದು ಉದ್ದೇಶವಿರಬೇಕು: ತಪ್ಪಿತಸ್ಥನನ್ನು ತಿದ್ದುವುದು, ಉಳಿದವರನ್ನು ಕಾಪಾಡುವುದು, ಇತರರಿಗೆ ಎಚ್ಚರಿಕೆ ಕೊಡುವುದು. ಅಂತಿಮ ತೀರ್ಪು ಮುಗಿದ ಮೇಲೆ ತಿದ್ದಿಕೊಳ್ಳಲು ಅವಕಾಶವಿಲ್ಲ, ಕಾಪಾಡಬೇಕಾದವರು ಆಗಲೇ ಸುರಕ್ಷಿತರು, ಎಚ್ಚರಿಸಲು ಯಾರೂ ಉಳಿದಿಲ್ಲ. ಆಮೇಲೂ ಮುಂದುವರಿಯುವ ನೋವು ನೋವಿಗಾಗಿಯೇ ಇರುವ ನೋವು.

ಇತ್ತೀಚಿನ ದಿನಗಳಲ್ಲಿ ಹೆಚ್ಚು ಕೇಳಿಬರುವುದು ಇನ್ನೊಂದು ಉತ್ತರ. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಮನುಷ್ಯನೇ ದೇವರಿಂದ ದೂರ ಇರಲು ಆರಿಸಿಕೊಳ್ಳುತ್ತಾನೆ, ಬಾಗಿಲಿಗೆ ಒಳಗಿನಿಂದಲೇ ಅಗುಳಿ ಹಾಕಿಕೊಂಡಿದ್ದಾನೆ ಎಂಬ ಉತ್ತರ. ನರಕ ಒಂದು ಸ್ಥಳ ಎನ್ನುವುದಕ್ಕಿಂತ ದೇವರಿಂದ ತಾವಾಗಿ ಬೇರ್ಪಟ್ಟವರ ಸ್ಥಿತಿ ಎಂದು 1999ರ ಜುಲೈನಲ್ಲಿ ಪೋಪ್ ಎರಡನೆಯ ಜಾನ್ ಪಾಲರೂ ವಿವರಿಸಿದರು. ಬೆಂಕಿಯ ಮಾತಿಗಿಂತ ಇದು ಎಷ್ಟೋ ಮನುಷ್ಯತ್ವವುಳ್ಳದ್ದು. ಆದರೆ ಇದು ನಿಮ್ಮ ಗ್ರಂಥಕ್ಕೆ ಹೊಂದುವುದಿಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಶಾಪಗ್ರಸ್ತರನ್ನು ನ್ಯಾಯಾಧೀಶನೇ ನಿತ್ಯಾಗ್ನಿಗೆ ಹೋಗಿರಿ ಎಂದು ಕಳುಹಿಸುತ್ತಾನೆ, ಅವರು ಯಾಕೆ ಎಂದು ಕೇಳುತ್ತಾರೆ. ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತ ಉರಿಯ ನಡುವಿನಿಂದ ನಾಲಿಗೆಗೆ ಒಂದು ಹನಿ ನೀರಿಗಾಗಿ ಬೇಡುತ್ತಾನೆ. ಅದು ಸಿಗುವುದಿಲ್ಲ ಎಂದಾಗ, ತನ್ನ ಸಹೋದರರನ್ನಾದರೂ ಎಚ್ಚರಿಸಿ ಎಂದು ಅಂಗಲಾಚುತ್ತಾನೆ. ನರಕದಲ್ಲಿದ್ದೂ ಅಣ್ಣತಮ್ಮಂದಿರ ಬಗ್ಗೆ ಚಿಂತಿಸುವ ಈ ಮನುಷ್ಯ ಒಳಗಿನಿಂದ ಅಗುಳಿ ಹಾಕಿಕೊಂಡವನಂತೆ ನಿಮಗೆ ಕಾಣುತ್ತಾನೆಯೇ? ಆ ಕಥೆಯಲ್ಲಿ ಹನಿ ನೀರನ್ನು ನಿರಾಕರಿಸುವುದು ಸ್ವರ್ಗ.

ನನ್ನಂಥವರ ವಿಷಯಕ್ಕೆ ಬಂದರೆ ಈ ಆಯ್ಕೆಯ ಮಾತು ಇನ್ನೂ ಸಡಿಲವಾಗುತ್ತದೆ. ನಂಬಿಕೆ ಇಚ್ಛೆಯ ವಿಷಯವಲ್ಲ. ನಾಳೆ ಬೆಳಿಗ್ಗೆಯಿಂದ ನಂಬುತ್ತೇನೆಂದು ನಿಶ್ಚಯಿಸಿ ನಂಬಲು ನನ್ನಿಂದ ಆಗದು, ನಂಬದಿರಲು ನಿಶ್ಚಯಿಸಿ ಬಿಡಲು ನಿಮ್ಮಿಂದಲೂ ಆಗದು. ನಾನು ದೇವರನ್ನು ತಿರಸ್ಕರಿಸಿದವನಲ್ಲ, ಇದ್ದಾನೆಂದು ಮನವರಿಕೆಯಾಗದವನು. ಪಾಪ ಮಾಡಲು ಸ್ವಾತಂತ್ರ್ಯ ಬೇಕೆಂದು ನಾಸ್ತಿಕರು ದೇವರನ್ನು ಬಿಡುತ್ತಾರೆ ಎಂದು ಪ್ರಸಂಗಗಳಲ್ಲಿ ಹೇಳುತ್ತೀರಿ. ನನಗೆ ಗೊತ್ತಿರುವ ನಾಸ್ತಿಕರಲ್ಲಿ ಬಹುಪಾಲು ಜನ ನಂಬಿಕೆ ಕಳೆದುಕೊಳ್ಳುವಾಗ ಅತ್ತವರು, ಉಳಿಸಿಕೊಳ್ಳಲು ಪ್ರಾರ್ಥಿಸಿದವರು.

ಇವೆರಡೂ ಸೋತಾಗ ಕೊನೆಯ ಉತ್ತರ ಬರುತ್ತದೆ: ದೇವರ ನ್ಯಾಯ ನಮ್ಮ ಬುದ್ಧಿಗೆ ನಿಲುಕದ್ದು. ಇದಕ್ಕೆ 1865ರಲ್ಲಿಯೇ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಉತ್ತರ ಕೊಟ್ಟಿದ್ದಾರೆ. ಸಹಮಾನವರಲ್ಲಿ ಯಾವುದನ್ನು ಒಳ್ಳೆಯತನ ಎನ್ನುತ್ತೇನೋ ಅದು ಇಲ್ಲದ ಯಾರನ್ನೂ ಒಳ್ಳೆಯವನೆಂದು ಕರೆಯಲಾರೆ, ಹಾಗೆ ಕರೆಯದ್ದಕ್ಕೆ ಅವನು ನನ್ನನ್ನು ನರಕಕ್ಕೆ ಕಳುಹಿಸುವುದಾದರೆ ನರಕಕ್ಕೇ ಹೋಗುತ್ತೇನೆ ಎಂದರು ಅವರು. ನನ್ನ ನಿಲುವೂ ಅದೇ. ದೇವರು ಪ್ರೀತಿ ಎಂದು ನೀವು ಹೇಳುವಾಗ ತಾಯಿಯ ಪ್ರೀತಿಯನ್ನು ನೆನೆಯಲು ಹೇಳುತ್ತೀರಿ. ನರಕದ ಮಾತು ಬಂದ ತಕ್ಷಣ ಆ ಪ್ರೀತಿ ನಮಗೆ ಅರ್ಥವಾಗದ ಬೇರೊಂದು ಬಗೆಯದು ಎನ್ನುತ್ತೀರಿ. ಎರಡರಲ್ಲಿ ಒಂದನ್ನು ಹಿಡಿಯಬೇಕು.

ಗ್ರಂಥದ ಬಗ್ಗೆ ಇನ್ನೊಂದು ಮಾತು. ನಂಬದೆ ಹೋಗುವವನು ದಂಡನೆಗೆ ಗುರಿಯಾಗುವನು ಎಂಬ ವಾಕ್ಯವನ್ನು ನೀವು ಹೆಚ್ಚಾಗಿ ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಿಂದ ಎತ್ತಿ ಹೇಳುತ್ತೀರಿ. ಆ ಅಧ್ಯಾಯದ ಕೊನೆಯ ಹನ್ನೆರಡು ವಚನಗಳು 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ, ಅವು ಆಮೇಲೆ ಸೇರಿದ್ದೆಂದು ನಿಮ್ಮದೇ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಸೆಮಿನರಿಯಲ್ಲಿ ಇದನ್ನು ಓದಿ ಬಂದವರು ನೀವು. ಸಭೆಯ ಮುಂದೆ ಆ ವಾಕ್ಯ ಓದುವಾಗ ಇದನ್ನು ಹೇಳುವವರು ಎಷ್ಟು ಮಂದಿ? ಮತ್ತಾಯನ ತೀರ್ಪಿನ ದೃಶ್ಯದಲ್ಲಂತೂ ನಂಬಿಕೆಯ ಪ್ರಸ್ತಾಪವೇ ಇಲ್ಲ. ಹಸಿದವನಿಗೆ ಊಟ ಕೊಟ್ಟಿರೋ, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟಿರೋ, ಸೆರೆಯಲ್ಲಿದ್ದವನನ್ನು ನೋಡಲು ಹೋದಿರೋ ಎಂಬುದಷ್ಟೇ ಅಲ್ಲಿನ ವಿಚಾರಣೆ. ಅಲ್ಲಿನ ಶಿಕ್ಷೆಯನ್ನು ನಾನು ಒಪ್ಪಲಾರೆ, ಆ ಪ್ರಶ್ನೆಗಳ ಮುಂದೆ ಮಾತ್ರ ತಲೆಬಾಗುತ್ತೇನೆ.

ಇದೆಲ್ಲ ಕೇವಲ ಸಿದ್ಧಾಂತ, ಯಾರಿಗೇನು ನಷ್ಟ ಎಂದು ಕೇಳುವವರಿಗೆ ಚರಿತ್ರೆಯಲ್ಲಿ ಉತ್ತರವಿದೆ. ತಪ್ಪು ನಂಬಿಕೆ ಒಬ್ಬನನ್ನು ಅನಂತ ಬೆಂಕಿಗೆ ಒಯ್ಯುತ್ತದೆ ಎಂದು ನಿಜವಾಗಿ ನಂಬಿದರೆ, ಅವನನ್ನು ಬಲವಂತದಿಂದಲಾದರೂ ತಡೆಯುವುದು ಉಪಕಾರವೇ ಆಗಿಬಿಡುತ್ತದೆ. ಬಲವಂತಮಾಡಿ ಒಳಗೆ ಕರೆತನ್ನಿ ಎಂಬ ಲೂಕನ ಸುವಾರ್ತೆಯ ಮಾತನ್ನು ಉತ್ತರ ಆಫ್ರಿಕದಲ್ಲಿ ಸಭೆಯಿಂದ ಒಡೆದುಹೋಗಿದ್ದ ಡೊನಾಟಿಸ್ಟರ ಮೇಲಿನ ಒತ್ತಾಯಕ್ಕೆ ಅಗಸ್ಟೀನರು ಆಧಾರವಾಗಿ ಬಳಸಿದ್ದು ಹೀಗೆಯೇ. 1697ರ ಜನವರಿ 8ರಂದು ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯನ್ನು ಗಲ್ಲಿಗೇರಿಸಿದರು. ತ್ರಿಯೇಕತ್ವವನ್ನೂ ಧರ್ಮಗ್ರಂಥವನ್ನೂ ಗೆಳೆಯರ ನಡುವೆ ಹೀಗಳೆದ ಎಂಬುದೇ ಆರೋಪ. ಕ್ಷಮೆಗಾಗಿ ಅವನು ಬೇಡಿಕೊಂಡ. ಆಗ ನಗರದಲ್ಲಿ ಸೇರಿದ್ದ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯ ಪಾದ್ರಿಗಳು ಅವನ ಪರ ನಿಲ್ಲಲಿಲ್ಲ. ಇಂಥ ಅಧರ್ಮಕ್ಕೆ ಕಟ್ಟುನಿಟ್ಟಾದ ಶಿಕ್ಷೆ ಆಗಲಿ ಎಂಬ ಒತ್ತಾಯವೇ ಅವರಿಂದ ಬಂತು.

ಈಗ ಚಾರ್ಲ್ಸ್ ಮತ್ತು ಎಮ್ಮಾ ಡಾರ್ವಿನ್ ದಂಪತಿಯ ವಿಷಯ. ಎಮ್ಮಾ ದೈವಭಕ್ತೆ. ಮದುವೆಯಾದ ಹೊಸತರಲ್ಲೇ ಗಂಡನ ಸಂದೇಹಗಳನ್ನು ತಿಳಿದು, ನಾವಿಬ್ಬರೂ ಎಂದೆಂದಿಗೂ ಒಟ್ಟಿಗಿರಲಾರೆವೇನೋ ಎಂಬ ದುಗುಡದಿಂದ ಅವನಿಗೊಂದು ಪತ್ರ ಬರೆದರು. ಡಾರ್ವಿನ್ ಅದನ್ನು ಜೀವನಪೂರ್ತಿ ಇಟ್ಟುಕೊಂಡರು. ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಕೆಳಗೆ ಬರೆದಿಟ್ಟರು. ಮುಂದೆ ಆತ್ಮಕಥೆಯಲ್ಲಿ, ಕ್ರೈಸ್ತಧರ್ಮ ನಿಜವಾಗಿರಲಿ ಎಂದು ಯಾರಾದರೂ ಹೇಗೆ ಬಯಸಬಲ್ಲರೋ ತಿಳಿಯದು, ಅದು ನಿಜವಾದರೆ ನನ್ನ ತಂದೆ, ಅಣ್ಣ, ಬಹುತೇಕ ಆಪ್ತ ಗೆಳೆಯರೆಲ್ಲ ನಿತ್ಯಶಿಕ್ಷೆಗೆ ಗುರಿಯಾಗಬೇಕು, ಇದು ಹೇಯವಾದ ಸಿದ್ಧಾಂತ ಎಂದು ಬರೆದರು. ಗಂಡ ತೀರಿಕೊಂಡ ಮೇಲೆ ಎಮ್ಮಾ ಆ ಭಾಗವನ್ನು ಅಚ್ಚುಮಾಡುವುದು ಬೇಡ ಎಂದರು. 1887ರ ಮುದ್ರಣದಲ್ಲಿ ಅದು ಇರಲಿಲ್ಲ. 1958ರಲ್ಲಿ ಮೊಮ್ಮಗಳು ನೋರಾ ಬಾರ್ಲೋ ಮರಳಿ ಸೇರಿಸಿದರು.

ನಾಸ್ತಿಕರು ಈ ಪ್ರಸಂಗವನ್ನು ಭಕ್ತೆಯೊಬ್ಬರು ಸತ್ಯವನ್ನು ಬಚ್ಚಿಟ್ಟ ಕಥೆಯಾಗಿ ಹೇಳುವುದುಂಟು. ಅದು ಅನ್ಯಾಯ. ಎಮ್ಮಾ ಕೊಟ್ಟ ಕಾರಣವನ್ನು ಓದಬೇಕು. ಅವಿಶ್ವಾಸಕ್ಕೆ ನಿತ್ಯಶಿಕ್ಷೆ ಎಂಬ ಸಿದ್ಧಾಂತದ ಬಗ್ಗೆ ಎಷ್ಟು ಕಠಿಣವಾಗಿ ಮಾತಾಡಿದರೂ ಅತಿಯಾಗದು, ಆದರೆ ಈಗ ಅದನ್ನು ಕ್ರೈಸ್ತಧರ್ಮ ಎಂದು ಕರೆಯುವವರು ತೀರಾ ಕಡಿಮೆ ಎಂದು ಅವರು ಬರೆದರು. ಅದು 1882. ನೂರಹತ್ತು ವರ್ಷಗಳ ನಂತರ, 1992ರಲ್ಲಿ ಪ್ರಕಟವಾದ ಕ್ಯಾಥೊಲಿಕ್ ಧರ್ಮೋಪದೇಶದ ಅಧಿಕೃತ ಗ್ರಂಥ ನರಕ ಇದೆ, ಅದು ನಿತ್ಯವಾದದ್ದು ಎಂದು 1035ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಎಷ್ಟೋ ಪ್ರಾಟೆಸ್ಟಂಟ್ ಸಭೆಗಳ ನಂಬಿಕೆಯ ಪ್ರಕಟಣೆಗಳಲ್ಲಿಯೂ ಅದೇ ಇದೆ. ಪೀಠದಲ್ಲಿ ಕುಳಿತವರು ಇನ್ನೂ ಹೇಳದ ಮಾತನ್ನು ಆ ಗೃಹಿಣಿ ಅಂದೇ ಹೇಳಿದ್ದರು.

ನಿಮ್ಮೊಳಗಿಂದಲೇ ಹೇಳಿದವರೂ ಇದ್ದಾರೆ, ಅದಕ್ಕೆ ಬೆಲೆ ತೆತ್ತಿದ್ದಾರೆ. 3ನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ಒರಿಜೆನ್ ಎಲ್ಲ ಆತ್ಮಗಳೂ ಕೊನೆಗೆ ದೇವರಿಗೆ ಮರಳುತ್ತವೆ ಎಂಬ ಆಸೆಯನ್ನು ಮುಂದಿಟ್ಟರು. ಸತ್ತು ಸುಮಾರು ಮುನ್ನೂರು ವರ್ಷಗಳಾದ ಮೇಲೆ ಅವರ ಬೋಧನೆಗೆ ಪಾಷಂಡದ ಹಣೆಪಟ್ಟಿ ಬಿತ್ತು. ನಿತ್ಯಶಿಕ್ಷೆಯನ್ನು ಪ್ರಶ್ನಿಸಿದ್ದಕ್ಕೆ 1853ರಲ್ಲಿ ಇಂಗ್ಲೆಂಡಿನ ಚರ್ಚಿನ ಪಾದ್ರಿ ಎಫ್. ಡಿ. ಮಾರಿಸ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು. ದುಷ್ಟರಿಗೂ ಕೊನೆಗೆ ಕ್ಷಮೆ ಸಿಗಬಹುದೆಂದು ಆಶಿಸುವುದು ಪಾದ್ರಿಯೊಬ್ಬನಿಗೆ ಅಪರಾಧವಲ್ಲ ಎಂದು 1864ರಲ್ಲಿ ಚರ್ಚಿನ ಮೊಕದ್ದಮೆಗಳ ಮೇಲ್ಮನವಿ ಕೇಳುತ್ತಿದ್ದ ಬ್ರಿಟನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಾಗ, ನರಕ ನಿತ್ಯವೇ ಎಂದು ಸಾರಲು ಸುಮಾರು 11,000 ಪಾದ್ರಿಗಳು ಒಂದು ಹೇಳಿಕೆಗೆ ಸಹಿ ಹಾಕಿದರು. 1995ರ ಹೊತ್ತಿಗೆ ಅದೇ ಇಂಗ್ಲೆಂಡಿನ ಚರ್ಚಿನ ಸಿದ್ಧಾಂತ ಆಯೋಗ, ಹಿಂಸಿಸುವ ನರಕದ ಚಿತ್ರ ದೇವರನ್ನು ರಾಕ್ಷಸನನ್ನಾಗಿಸಿದೆ, ನರಕವೆಂದರೆ ಇಲ್ಲವಾಗುವುದು ಎಂದು ಬರೆಯಿತು. ಹಾಗಾಗಿ ಬದಲಾಗಲು ಸಾಧ್ಯವೇ ಇಲ್ಲ ಎಂದು ನನಗೆ ಹೇಳಬೇಡಿ.

ನಿಮ್ಮಲ್ಲಿ ಕೆಲವರು ಖಾಸಗಿಯಾಗಿ ಮಾತಿಗೆ ಸಿಕ್ಕಾಗ, ನರಕ ಖಾಲಿಯಾಗಿರಲಿ ಎಂದೇ ನಮ್ಮ ಪ್ರಾರ್ಥನೆ ಎನ್ನುತ್ತೀರಿ. ಆ ಮಾತಿನಲ್ಲಿ ಪ್ರಾಮಾಣಿಕತೆ ಇದೆ ಎಂದು ನಂಬುತ್ತೇನೆ. ಆದರೆ ಚಹಾ ಕುಡಿಯುತ್ತಾ ನಾಸ್ತಿಕನಿಗೆ ಹೇಳಿದ ಮಾತಿನಿಂದ ಭಯದಲ್ಲಿರುವ ನಿಮ್ಮ ಸಭಿಕನಿಗೆ ಏನೂ ಸಿಗುವುದಿಲ್ಲ. ಅದು ಅವನಿಗೆ ಕೇಳಿಸುವ ಜಾಗದಲ್ಲಿ ಹೇಳಬೇಕಾದ ಮಾತು. ನರಕದ ಭಯ ಹೋದರೆ ಜನ ಸಭೆ ಬಿಟ್ಟುಹೋಗುತ್ತಾರೆ ಎಂಬ ಅಳುಕು ನಿಮಗಿದ್ದರೆ, ಆ ಅಳುಕು ನಿಮ್ಮ ದೇವರ ಬಗ್ಗೆ ಏನು ಹೇಳುತ್ತದೆ ಎಂದು ಯೋಚಿಸಿ. ಕುಷ್ಠರೋಗಿಗಳ ಸೇವೆ ಮಾಡಿದ, ಗುಲಾಮಗಿರಿಯ ವಿರುದ್ಧ ನಿಂತ ಕ್ರೈಸ್ತರ ಬಗ್ಗೆ ನಾನು ಓದಿದ್ದೇನೆ. ಅವರ ಬದುಕಿನಲ್ಲಿ ನನಗೆ ಕಾಣುವ ಶಕ್ತಿ ಹೆದರಿಕೆಯದ್ದಲ್ಲ.

ನನ್ನ ಕೋರಿಕೆಗಳು ದೊಡ್ಡವಲ್ಲ. ತಮ್ಮ ಅಮ್ಮ, ಅಜ್ಜಿ, ಅನ್ಯಧರ್ಮದ ಗೆಳತಿ ಉರಿಯುವರೆಂದು ಮಕ್ಕಳಿಗೆ ಹೇಳಿಕೊಡುವುದನ್ನು ನಿಲ್ಲಿಸಿ. ಸಂಡೇ ಸ್ಕೂಲಿನಲ್ಲಿ, ರಜೆಯ ಬೈಬಲ್ ಶಿಬಿರದಲ್ಲಿ, ಎಲ್ಲ ಕಡೆಯೂ. ಸಭೆಯ ನಂಬಿಕೆಯ ಪ್ರಕಟಣೆಯಲ್ಲಿ ನಿತ್ಯಶಿಕ್ಷೆಯ ಮಾತಿದ್ದರೆ, ಅದಕ್ಕೆ ಸಹಿ ಹಾಕಿದ ಪ್ರತಿಯೊಬ್ಬರೂ ಅದನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂದು ತಮ್ಮ ಸಭಿಕರಿಗೆ ಬರಹದಲ್ಲಿ ತಿಳಿಸಲಿ. ನನ್ನನ್ನೂ ನನ್ನಂಥವರನ್ನೂ ಒಪ್ಪಿಸಬೇಕಾಗಿಲ್ಲ. ನಿಮ್ಮನ್ನು ನಂಬಿ ಕುಳಿತವರಿಗೆ ನೇರವಾಗಿ ಹೇಳಿದರೆ ಸಾಕು.

ನಂಬಿಕೆ ಬಿಟ್ಟ ಮಗ ಅಪಘಾತದಲ್ಲಿ ತೀರಿಕೊಂಡ ವಾರ, ಒಬ್ಬ ತಾಯಿ ನಿಮ್ಮ ಬಳಿಗೆ ಬಂದು, ಫಾದರ್, ಅವನು ಈಗ ಎಲ್ಲಿದ್ದಾನೆ ಎಂದು ಕೇಳುತ್ತಾಳೆ. ನೀವು ಅವಳ ಕೈ ಹಿಡಿದು ದೇವರ ಕರುಣೆಗೆ ಮಿತಿಯಿಲ್ಲ, ಅವನು ದೇವರ ಕೈಯಲ್ಲಿದ್ದಾನೆ ಎನ್ನುತ್ತೀರಿ. ಬಹುಮಂದಿ ಇದನ್ನೇ ಹೇಳುತ್ತೀರಿ ಎಂದು ನನಗೆ ಗೊತ್ತು. ಆ ಉತ್ತರ ಸುಳ್ಳಾಗಿದ್ದರೆ ಅದನ್ನು ಅವಳಿಗೆ ಹೇಳಬೇಡಿ. ನಿಜವೆಂದು ನಂಬಿದ್ದರೆ, ಮುಂದಿನ ವರ್ಷ ಮಕ್ಕಳ ಪಾಠಪುಸ್ತಕ ಮರುಮುದ್ರಣವಾಗುವಾಗ ನರಕದ ಪುಟದ ಜಾಗದಲ್ಲಿ ಅದನ್ನೇ ಅಚ್ಚುಹಾಕಿಸಿ, ಕೆಳಗೆ ನಿಮ್ಮ ಹೆಸರು ಹಾಕಿ.

ಗೌರವಪೂರ್ವಕವಾಗಿ,
ನಂಬದ ಒಬ್ಬ ಓದುಗ